ಕಪ್ಪು ಪರದೆ ಬೇಡ, ನೇರವಾಗಿ ಡೆಸ್ಕ್‌ಟಾಪ್‌ಗೆ ಬರಲಿ

ನಮ್ಮ ಕಡೆ ಶಾಲೆಗೋ ಪಂಚಾಯಿತಿ ಲೈಬ್ರರಿಗೋ ಯಾರಾದರೂ ಕಂಪ್ಯೂಟರ್ ಕೊಟ್ಟರೆ, ಫೋಟೊ ತೆಗೆಸಿಕೊಳ್ಳುವ ದಿನ ಅದು ಚೆನ್ನಾಗಿಯೇ ಓಡುತ್ತದೆ. ನನ್ನ ಪ್ರಶ್ನೆ ಮಾರನೆಯ ದಿನದ್ದು. ಕೊಟ್ಟವರು ಕಾರು ಹತ್ತಿ ಹೋದ ಮೇಲೆ, ಕರೆಂಟು ಒಂದು ಸಲ ಹೋಗಿ ಬಂದ ಮೇಲೆ, ಸ್ವಿಚ್ ಹಾಕಿದರೆ ಪರದೆಯ ಮೇಲೆ ಏನು ಬರುತ್ತದೆ? ಮೌಸ್ ಹಿಡಿದು ಒತ್ತಬಹುದಾದ ಚಿತ್ರಗಳು ಬರುತ್ತವೋ, ಕಪ್ಪು ಹಿನ್ನೆಲೆಯಲ್ಲಿ ಮಿಣುಕುವ ಒಂದು ಗೀಟು ಬರುತ್ತದೋ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹಳ್ಳಿಯಲ್ಲಿ ಹತ್ತು ಜನ ಮುಟ್ಟುವ ಕಂಪ್ಯೂಟರ್, ಸ್ವಿಚ್ ಹಾಕಿದ ಕೂಡಲೇ ಯಾರನ್ನೂ ಏನೂ ಕೇಳದೆ ನೇರವಾಗಿ ಡೆಸ್ಕ್‌ಟಾಪ್‌ಗೆ ಬರಬೇಕು. ಡೆಸ್ಕ್‌ಟಾಪ್ ಎಂದರೆ ಚಿತ್ರ, ಮೆನು, ಕಿಟಕಿಗಳಿರುವ ಪರದೆ. ನಿಮ್ಮ ಫೋನಿನ ಹೋಮ್ ಸ್ಕ್ರೀನ್ ಇದ್ದ ಹಾಗೆ ಅಂದುಕೊಳ್ಳಿ.

ಇಲ್ಲಿ ಮಾತು ದೊಡ್ಡ ಕಂಪ್ಯೂಟರಿನದಲ್ಲ, ರಾಸ್ಪ್‌ಬೆರಿ ಪೈ ಎಂಬ ಸಣ್ಣದರದು. ಎಟಿಎಂ ಕಾರ್ಡಿನಷ್ಟೇ ಅಗಲದ ಒಂದೇ ಹಲಗೆ. ಪ್ರೊಸೆಸರ್, ಮೆಮೊರಿ, ಯುಎಸ್‌ಬಿ ಕಿಂಡಿ, ಟಿವಿಗೆ ಹಾಕುವ ಎಚ್‌ಡಿಎಂಐ ಕಿಂಡಿ, ಎಲ್ಲ ಅದರ ಮೇಲೇ. ಹಾರ್ಡ್ ಡಿಸ್ಕ್ ಇಲ್ಲ. ಹಳೆಯ ಫೋನಿಗೆ ಹಾಕುತ್ತಿದ್ದೆವಲ್ಲ, ಅಂಥದೇ ಮೆಮೊರಿ ಕಾರ್ಡಿನಲ್ಲಿ ಎಲ್ಲ ಇರುತ್ತದೆ. 2012ರ ಫೆಬ್ರವರಿ 29ರಂದು ಇಂಗ್ಲೆಂಡಿನವರು ಇದನ್ನು 35 ಡಾಲರಿಗೆ ಮಾರಾಟಕ್ಕೆ ಬಿಟ್ಟರು. ಬಡ ಮಕ್ಕಳ ಕೈಗೂ ಕಂಪ್ಯೂಟರ್ ಸಿಗಲಿ ಎಂಬುದು ಅದರ ಹಿಂದಿನ ಆಸೆ. ಹಳೆಯ ಟಿವಿ, ಒಂದು ಕೀಬೋರ್ಡು, ಒಂದು ಮೌಸು ಇದ್ದರೆ ಸಾಕು, ಅದೇ ಕಂಪ್ಯೂಟರ್. ಕರೆಂಟೂ ಕಡಿಮೆ ತಿನ್ನುತ್ತದೆ. ನಾಲ್ಕನೇ ಮಾದರಿಗೆ ಹೇಳಿರುವ ಚಾರ್ಜರ್ 15 ವಾಟಿನದು. ಆದರೆ ಮನೆಯಲ್ಲಿ ಬಿದ್ದಿರುವ ಹಳೆಯ ಫೋನ್ ಚಾರ್ಜರ್ ಹಾಕಬೇಡಿ. ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಕಂಡರೆ ಕರೆಂಟು ಸಾಲುತ್ತಿಲ್ಲ ಎಂದರ್ಥ.

ಈ ಪೈ ಮೊದಲು ಬಂದಾಗ ಆನ್ ಮಾಡಿದರೆ ಬರುತ್ತಿದ್ದುದು ಕಪ್ಪು ಪರದೆಯೇ. ಹೆಸರು ಕೇಳುತ್ತಿತ್ತು, ಪಾಸ್‌ವರ್ಡ್ ಕೇಳುತ್ತಿತ್ತು, ಅದಾದ ಮೇಲೆ ‘ಸ್ಟಾರ್ಟ್‌ಎಕ್ಸ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಮಾತ್ರ ಚಿತ್ರಗಳ ಪರದೆ ಏಳುತ್ತಿತ್ತು. ಮಾಡಿದವರಿಗೂ ಇದು ತೊಡಕು ಅನಿಸಿರಬೇಕು. 2015ರಲ್ಲಿ ಜೆಸ್ಸಿ ಎಂಬ ಆವೃತ್ತಿ ಬಂದಾಗಿನಿಂದ ಅದು ತಾನಾಗಿಯೇ ಡೆಸ್ಕ್‌ಟಾಪ್‌ಗೆ ಬರುವಂತಾಯಿತು.

ಹಾಗಾದರೆ ಇವತ್ತು ಇದನ್ನೇಕೆ ಬರೆಯುತ್ತಿದ್ದೇನೆ? ಕಪ್ಪು ಪರದೆ ಇನ್ನೂ ಹೋಗಿಲ್ಲ, ಅದಕ್ಕೆ.

ನಮ್ಮ ಸಂತೆಮರಹಳ್ಳಿ ಹೋಬಳಿಯ ಒಂದು ಶಾಲೆಯಲ್ಲಿ ಇಂಥ ಎರಡು ಪೈ ಇದ್ದವು. ಶಾಲೆಯ ಹೆಸರು ಬೇಡ, ಕೊಟ್ಟವರ ಹೆಸರೂ ಬೇಡ. ಅವರು ಬಂದು ಹಳೆಯ ಟಿವಿಗಳಿಗೆ ಜೋಡಿಸಿ, ಒಂದು ವಾರ ಮಕ್ಕಳಿಗೆ ಕಲಿಸಿ ಹೋಗಿದ್ದರು. ನಾನು ಹೋದಾಗ ಎರಡೂ ಟಿವಿಯ ಮೇಲೆ ಬಟ್ಟೆ ಹೊದಿಸಿತ್ತು. ಬಿಸಿಯೂಟದ ಅಮ್ಮ ನನಗಿಂತ ಮೊದಲೇ ತೀರ್ಪು ಕೊಟ್ಟರು: “ಅದು ಕೆಟ್ಟೋಗದ ಕನಪ್ಪ. ಹಾಕುದ್ರ ಕಪ್ಪಗ ಬತ್ತುದ, ಬರೀ ಇಂಗ್ಲೀಸು.”

ಹಾಕಿ ನೋಡಿದೆವು. ಏನೂ ಕೆಟ್ಟಿರಲಿಲ್ಲ. ಯಂತ್ರ ಸರಿಯಾಗಿಯೇ ಎದ್ದು, ‘ಲಾಗಿನ್’ ಎಂದು ಕೇಳಿ, ಉತ್ತರಕ್ಕೆ ಕಾಯುತ್ತಿತ್ತು. ಉತ್ತರ ಗೊತ್ತಿದ್ದವರು ಒಬ್ಬರೇ, ಅವರು ಬೆಂಗಳೂರಿನಲ್ಲಿ, ಅವರ ನಂಬರು ಸಿಗುತ್ತಿರಲಿಲ್ಲ. ಹೆಡ್‌ಮೇಷ್ಟ್ರು ಪಾಪ, “ನೋಡಪ್ಪ, ಅದಕ್ಕೆ ಒಂದು ಪಾಸ್‌ವರ್ಡು ಇದೆ ಅಂತಲೇ ನನಗೆ ಯಾರೂ ಹೇಳಿಲ್ಲ” ಎಂದರು. ಎಷ್ಟು ತಿಂಗಳಿಂದ ಹೀಗೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳಿದರು. ಸ್ಟಾಕ್ ರಿಜಿಸ್ಟರಿನಲ್ಲಿ ಮಾತ್ರ ‘ಕಂಪ್ಯೂಟರ್ – 2’ ಎಂದು ಚೆನ್ನಾಗಿ ಬರೆದಿತ್ತು.

ಯಾವುದೋ ಭಾಗ ಸುಟ್ಟಿದ್ದರೆ ಬೇರೆ ಮಾತು. ಇಲ್ಲಿ ಎರಡು ಕಂಪ್ಯೂಟರನ್ನು ಮೂಲೆಗೆ ತಳ್ಳಿದ್ದು ಒಂದು ಮೆನುವಿನ ಒಂದು ಸಾಲಿನ ಆಯ್ಕೆ. ಒಂದೇ ಸಾಲು ತಾನೇ ಎನ್ನಬೇಡಿ. 2004ರ ವಿಧಾನಸಭೆ ಚುನಾವಣೆಯಲ್ಲಿ ಇದೇ ಸಂತೆಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಓಟು, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751 ಓಟು ಬಿದ್ದಿತ್ತು. ಒಂದರ ಬೆಲೆ ನಮ್ಮೂರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆ ಒಂದು ಸಾಲು ಎಲ್ಲಿದೆ ಎಂದು ಚುಟುಕಾಗಿ ಹೇಳುತ್ತೇನೆ. ನಿಮ್ಮೂರಿನ ಪೈ ಕೂಡ ಹೀಗೇ ಕುಳಿತಿದ್ದು, ಪಾಸ್‌ವರ್ಡ್ ಗೊತ್ತಿದ್ದರೆ, ಒಳಗೆ ಹೋಗಿ ‘ಸುಡೊ ರಾಸ್ಪಿ-ಕಾನ್ಫಿಗ್’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ನೀಲಿ ಬಣ್ಣದ ಮೆನು ಬರುತ್ತದೆ. ಇಲ್ಲಿ ಮೌಸ್ ಬೇಡ, ಬಾಣದ ಕೀಲಿಗಳಲ್ಲೇ ಓಡಾಡಬೇಕು. ‘ಸಿಸ್ಟಮ್ ಆಪ್ಷನ್ಸ್’ ಒಳಗೆ ‘ಬೂಟ್’ ಎಂದಿರುತ್ತದೆ. ಕೆಲವು ವರ್ಷ ಹಳೆಯ ಆವೃತ್ತಿಯಲ್ಲಿ ಅಲ್ಲಿ ನಾಲ್ಕು ಆಯ್ಕೆ: ಕಪ್ಪು ಪರದೆ ಪಾಸ್‌ವರ್ಡ್ ಸಹಿತ, ಕಪ್ಪು ಪರದೆ ಪಾಸ್‌ವರ್ಡ್ ಇಲ್ಲದೆ, ಡೆಸ್ಕ್‌ಟಾಪ್ ಪಾಸ್‌ವರ್ಡ್ ಸಹಿತ, ಡೆಸ್ಕ್‌ಟಾಪ್ ಪಾಸ್‌ವರ್ಡ್ ಇಲ್ಲದೆ. ಕೊನೆಯದು ‘ಡೆಸ್ಕ್‌ಟಾಪ್ ಆಟೊಲಾಗಿನ್’. ನಮಗೆ ಬೇಕಾದ್ದು ಅದೇ. ಈಚಿನ ಆವೃತ್ತಿಗಳಲ್ಲಿ ಡೆಸ್ಕ್‌ಟಾಪ್ ಬೇಕೋ ಬೇಡವೋ ಎಂಬುದು ಒಂದು ಕಡೆ, ಆಟೊಲಾಗಿನ್ ಇನ್ನೊಂದು ಕಡೆ ಇದೆ, ಎರಡನ್ನೂ ಆರಿಸಿ. ‘ಫಿನಿಶ್’ ಒತ್ತಿ ರೀಸ್ಟಾರ್ಟ್ ಮಾಡಿದರೆ ಮುಗಿಯಿತು.

ಇಷ್ಟು ಮಾಡಿಯೂ ಡೆಸ್ಕ್‌ಟಾಪ್ ಬರದಿದ್ದರೆ ಕಾರ್ಡಿನಲ್ಲಿ ‘ಲೈಟ್’ ಆವೃತ್ತಿ ಇದೆ ಎಂದು ಶಂಕಿಸಿ. ಅದರಲ್ಲಿ ಡೆಸ್ಕ್‌ಟಾಪ್ ಎಂಬುದೇ ಇಲ್ಲ, ಎಲ್ಲಿಂದ ಬಂದೀತು? ಡೆಸ್ಕ್‌ಟಾಪ್ ಇರುವ ಆವೃತ್ತಿಯನ್ನು ಕಾರ್ಡಿಗೆ ಹೊಸದಾಗಿ ಬರೆಯುವುದೇ ಸುಲಭ. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲದಿದ್ದರೂ ಇದೇ ದಾರಿ, ಆದರೆ ಕಾರ್ಡಿನಲ್ಲಿದ್ದ ಮಕ್ಕಳ ಚಿತ್ರ, ಬರಹ ಎಲ್ಲ ಅಳಿಸಿಹೋಗುತ್ತದೆ. ಮೊದಲೆಲ್ಲ ಎಲ್ಲ ಪೈಗಳಿಗೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇತ್ತು. ಕಳ್ಳರಿಗೂ ಅದು ಗೊತ್ತಿದ್ದರಿಂದ 2022ರ ಏಪ್ರಿಲ್‌ನಲ್ಲಿ ಅದನ್ನು ತೆಗೆದುಹಾಕಿದರು. ಒಳ್ಳೆಯದೇ ಆಯಿತು, ಆದರೆ ಈಗ ಕಾರ್ಡು ಬರೆದವರು ಇಟ್ಟದ್ದೇ ಹೆಸರು, ಅವರು ಇಟ್ಟದ್ದೇ ಪಾಸ್‌ವರ್ಡು.

ಇನ್ನೊಂದು ಸಣ್ಣ ಕಿರಿಕಿರಿ. ಪಾಸ್‌ವರ್ಡ್ ಸರಿಯಾಗಿ ಗೊತ್ತಿದ್ದರೂ ‘ತಪ್ಪು’ ಎನ್ನುತ್ತಿದ್ದರೆ ಕೀಬೋರ್ಡ್ ನೋಡಿ. ಪೈ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಹೇಳದೇ ಬಿಟ್ಟರೆ ಅದು ಇಂಗ್ಲೆಂಡಿನ ಕೀಬೋರ್ಡನ್ನೇ ನೆನೆಯುತ್ತದೆ. ನಮ್ಮ ಅಂಗಡಿಗಳಲ್ಲಿ ಸಿಗುವುದು ಅಮೆರಿಕದ ನಮೂನೆ. ಶಿಫ್ಟ್ ಹಿಡಿದು 2 ಒತ್ತಿದರೆ @ ಬರುವ ಬದಲು ಉದ್ಧರಣ ಚಿಹ್ನೆ ಬರುತ್ತದೆ. ಪಾಸ್‌ವರ್ಡ್ ಟೈಪ್ ಮಾಡುವಾಗ ಪರದೆಯ ಮೇಲೆ ಏನೂ ಕಾಣುವುದಿಲ್ಲವಾದ್ದರಿಂದ ಇದು ಯಾರಿಗೂ ತಿಳಿಯುವುದೇ ಇಲ್ಲ.

ಇಲ್ಲಿ ಪಟ್ಟಣದ ಗೆಳೆಯರು ತಕರಾರು ತೆಗೆಯುತ್ತಾರೆ. ಪಾಸ್‌ವರ್ಡ್ ಹಾಕಿ ಒಳಗೆ ಹೋಗುವುದು ಎಷ್ಟು ಹೊತ್ತಿನ ಕೆಲಸ, ಕಲಿಸಿದರಾಯಿತಲ್ಲ ಎನ್ನುತ್ತಾರೆ. ಅವರ ಮನೆಯಲ್ಲಿ ಕರೆಂಟು ಹೋಗುವುದಿಲ್ಲ. ಪೈಗೆ ಆನ್ ಮಾಡುವ ಗುಂಡಿಯ ಹಂಗಿಲ್ಲ, ಕರೆಂಟು ಬಂದರೆ ತಾನೇ ಏಳುತ್ತದೆ. ಮಧ್ಯಾಹ್ನದೊಳಗೆ ಮೂರು ಸಲ ಕರೆಂಟು ಹೋಗಿ ಬಂದರೆ ಅದು ಮೂರು ಸಲ ಸತ್ತು ಮೂರು ಸಲ ಹುಟ್ಟುತ್ತದೆ. ಪ್ರತಿ ಸಲವೂ ಪಾಸ್‌ವರ್ಡ್ ಬಲ್ಲವರೊಬ್ಬರು ಎದ್ದು ಬರಬೇಕೆಂದರೆ ಪಾಠ ಮಾಡುವವರು ಯಾರು? ಟಿವಿ ಹಾಗೆ, ಫ್ರಿಜ್ ಹಾಗೆ, ಕರೆಂಟು ಬಂದಾಗ ತಾನಾಗಿ ಎದ್ದು ಕೆಲಸಕ್ಕೆ ನಿಲ್ಲುವುದು ಹಳ್ಳಿಯ ಯಂತ್ರಕ್ಕೆ ಇರಬೇಕಾದ ಮೊದಲ ಗುಣ.

ಇದಕ್ಕಿಂತ ಗಟ್ಟಿಯಾದ ತಕರಾರು ಇನ್ನೊಂದಿದೆ. ಅದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಪೈ ರೂಪಿಸಿದವರಲ್ಲಿ ಮುಖ್ಯರಾದ ಎಬೆನ್ ಅಪ್ಟನ್ ಕೇಂಬ್ರಿಜ್‌ನಲ್ಲಿದ್ದಾಗ ಒಂದು ವಿಷಯ ಗಮನಿಸಿದ್ದರು. ಕಂಪ್ಯೂಟರ್ ವಿಜ್ಞಾನ ಓದಲು ಬರುವ ಹುಡುಗ ಹುಡುಗಿಯರ ಸಂಖ್ಯೆಯೂ ಇಳಿದಿತ್ತು, ಬರುವವರ ಕೈಚಳಕವೂ ಇಳಿದಿತ್ತು. 1980ರ ದಶಕದಲ್ಲಿ ಇಂಗ್ಲೆಂಡಿನ ಶಾಲೆಗಳಲ್ಲಿ ಬಿಬಿಸಿ ಮೈಕ್ರೊ ಎಂಬ ಕಂಪ್ಯೂಟರ್ ಇತ್ತು. ಆನ್ ಮಾಡಿದರೆ ನೇರವಾಗಿ ಆಜ್ಞೆ ಟೈಪ್ ಮಾಡುವ ಪರದೆ. ಮಕ್ಕಳಿಗೆ ಬೇರೆ ದಾರಿಯೇ ಇರಲಿಲ್ಲ, ಹಾಗಾಗಿ ಪ್ರೋಗ್ರಾಮ್ ಬರೆಯುವುದನ್ನು ಕಲಿತರು. ಚಿತ್ರ ಒತ್ತುವ ಕಂಪ್ಯೂಟರ್ ಬಂದ ಮೇಲೆ ಮಕ್ಕಳು ಬಳಸುವವರಾದರು, ಮಾಡುವವರಾಗಲಿಲ್ಲ ಎಂಬುದು ಈ ವಾದ. ಅದನ್ನು ನಂಬುವವರು ಪೈ ಕಪ್ಪು ಪರದೆಯಲ್ಲೇ ಏಳಲಿ ಎನ್ನುತ್ತಾರೆ.

ವಾದದಲ್ಲಿ ಸತ್ಯ ಇದೆ. ಆದರೆ ಅದು ಇಂಗ್ಲೆಂಡಿನ ಮಗುವಿನ ಸತ್ಯ. ಬಿಬಿಸಿ ಮೈಕ್ರೊ ಕೇಳುತ್ತಿದ್ದ ಆಜ್ಞೆಗಳು, ‘ಪ್ರಿಂಟ್’, ‘ಲಿಸ್ಟ್’, ‘ರನ್’, ಆ ಮಗು ಅಮ್ಮನ ಬಾಯಲ್ಲಿ ಕೇಳಿದ್ದ ಪದಗಳು. ಆ ಪರದೆ ಆ ಮಗುವಿನ ಜೊತೆ ಮಾತೃಭಾಷೆಯಲ್ಲಿ ಮಾತಾಡುತ್ತಿತ್ತು. ನಮ್ಮ ಉಮ್ಮತ್ತೂರಿನ ಮಗುವಿಗೋ ಕುದೇರಿನ ಮಗುವಿಗೋ ಅದೇ ಪರದೆ ತೋರಿಸಿದರೆ, ಅದು ಒಂದೇ ಹೊತ್ತಿಗೆ ಎರಡು ಬೀಗ. ಕಂಪ್ಯೂಟರ್ ಹೊಸದು, ಇಂಗ್ಲಿಷ್ ಇನ್ನೂ ಹೊಸದು. ತಪ್ಪು ಟೈಪ್ ಮಾಡಿದರೆ ಬರುವ ಉತ್ತರವೂ ಇಂಗ್ಲಿಷಿನಲ್ಲಿ. ಆ ಮಗು ಕಲಿಯುವ ಮೊದಲ ಪಾಠ ‘ಇದು ನನ್ನಂಥವರಿಗಲ್ಲ’ ಎಂಬುದೇ ಆಗುತ್ತದೆ.

ಕಪ್ಪು ಪರದೆಯನ್ನು ನಾನು ಮನೆಯಿಂದ ಓಡಿಸಿ ಎನ್ನುತ್ತಿಲ್ಲ. ಡೆಸ್ಕ್‌ಟಾಪ್‌ನಲ್ಲೇ ‘ಟರ್ಮಿನಲ್’ ಎಂಬ ಚಿತ್ರ ಇದೆ, ಒತ್ತಿದರೆ ಅದೇ ಕಪ್ಪು ಕಿಟಕಿ ತೆರೆಯುತ್ತದೆ. ಕುತೂಹಲ ಇರುವ ಮಗು ಅಲ್ಲಿಗೆ ಹೋಗಿಯೇ ಹೋಗುತ್ತದೆ, ಹೋಗಲಿ. ಹೊಸ್ತಿಲಿಗೆ ಅಡ್ಡ ಹಾಕಬೇಡಿ ಎನ್ನುವುದಷ್ಟೇ ನನ್ನ ಮಾತು. ಹಾಗೆಯೇ, ಪೈಯನ್ನು ತೋಟದ ಮೂಲೆಯಲ್ಲಿಟ್ಟು ಮಣ್ಣಿನ ತೇವ ಅಳೆಯಲೋ ಕ್ಯಾಮೆರಾ ಓಡಿಸಲೋ ಬಳಸುವವರಿಗೆ ಪರದೆಯೇ ಇರುವುದಿಲ್ಲ, ಅಲ್ಲಿ ಲೈಟ್ ಆವೃತ್ತಿಯೇ ಸರಿ.

ಡೆಸ್ಕ್‌ಟಾಪ್ ಬಂದರೆ ಸಾಲದು, ಅದರಲ್ಲಿ ಕನ್ನಡ ಓದಲು, ಬರೆಯಲು ಬರಬೇಕು. ಇದು ನಾವು ಅಂದುಕೊಂಡಷ್ಟು ಕಷ್ಟವಲ್ಲ, ನಮ್ಮವರು ಆಗಲೇ ಬಹಳಷ್ಟು ಮಾಡಿಟ್ಟಿದ್ದಾರೆ. ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡಕ್ಕೆ ‘ಕಗಪ’ ಎಂಬ ಆಯ್ಕೆ ಇದೆ. ಕಗಪ ಅಂದರೆ ಕನ್ನಡ ಗಣಕ ಪರಿಷತ್ತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ, ನಾಡಕಚೇರಿಯಲ್ಲಿ ನುಡಿ ಬಳಸಿ ಟೈಪ್ ಮಾಡುವವರ ಬೆರಳಿಗೆ ಗೊತ್ತಿರುವುದೇ. ತಮಾಷೆ ಎಂದರೆ ಅದೇ ಪಟ್ಟಿಯಲ್ಲಿ ತೆಲುಗಿಗೂ ಹಿಂದಿಗೂ ಮರಾಠಿಗೂ ‘ಕಗಪ’ ಹೆಸರಿನ ನಮೂನೆಗಳಿವೆ. ಪ್ರಪಂಚದ ಯಾವ ಮೂಲೆಯಲ್ಲಿ ಲಿನಕ್ಸ್ ಹಾಕಿದರೂ ನಮ್ಮ ಪರಿಷತ್ತಿನ ಹೆಸರು ಅದರೊಳಗೆ ಕುಳಿತಿರುತ್ತದೆ. ಅಕ್ಷರ ಚೆನ್ನಾಗಿ ಕಾಣಲು ‘ಗುಬ್ಬಿ’, ‘ನವಿಲು’ ಎಂಬ ಎರಡು ಫಾಂಟ್‌ಗಳಿವೆ. ಪೈ ನಿಂತಿರುವುದು ಡೆಬಿಯನ್ ಎಂಬ ಲಿನಕ್ಸ್ ಮೇಲೆ, ಅದರ ಭಂಡಾರದಲ್ಲೇ ಇವೆರಡೂ ಪುಕ್ಕಟೆ ಸಿಗುತ್ತವೆ. ಫೈರ್‌ಫಾಕ್ಸನ್ನೂ ಲಿಬ್ರೆಆಫೀಸನ್ನೂ ಕನ್ನಡ ಮೆನುವಿನಲ್ಲಿ ಇಟ್ಟುಕೊಳ್ಳಬಹುದು. ಪೈನ ಸ್ವಂತ ಮೆನುಗಳು ಮಾತ್ರ ಕನ್ನಡದಲ್ಲಿ ಅರ್ಧಂಬರ್ಧ. ಅಲ್ಲಿ ಕೆಲಸ ಬಾಕಿ ಇದೆ, ಅನುವಾದ ಮಾಡುವವರು ಬೇಕು.

ಈಗ ಪಾಸ್‌ವರ್ಡ್ ಇಲ್ಲದೆ ತೆರೆಯುವುದರ ಅಪಾಯ. ಇದನ್ನು ಮುಚ್ಚಿಟ್ಟು ವಾದ ಮಾಡಿದರೆ ಮೋಸವಾಗುತ್ತದೆ. ಪಂಚಾಯಿತಿ ಲೈಬ್ರರಿಗಳು, ಈಗ ಅರಿವು ಕೇಂದ್ರ ಎನ್ನುತ್ತಾರಲ್ಲ, ಅಲ್ಲಿಗೆ ಮಕ್ಕಳಷ್ಟೇ ಬರುವುದಿಲ್ಲ. ಯಾರೋ ಆಧಾರ್ ಡೌನ್‌ಲೋಡ್ ಮಾಡುತ್ತಾರೆ, ಇನ್ನಾರೋ ಪಹಣಿ ನೋಡುತ್ತಾರೆ, ಸ್ಕಾಲರ್‌ಶಿಪ್ ಅರ್ಜಿಗೆ ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್ ಏರಿಸುತ್ತಾರೆ. ಕೆಲಸ ಮುಗಿಸಿ ಎದ್ದು ಹೋಗುತ್ತಾರೆ, ಕಾಗದ ಮಾತ್ರ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಮುಂದೆ ಕೂತವನು ‘ಡೌನ್‌ಲೋಡ್ಸ್’ ತೆರೆದರೆ ಅರ್ಧ ಊರಿನ ಜಾತಕ ಅಲ್ಲಿರುತ್ತದೆ.

ಹಾಗಾಗಿ ಆಟೊಲಾಗಿನ್ ಕೊಡುವಾಗ ಎರಡು ಖಾತೆ ಮಾಡಿ. ಮೊದಲು ಮಾಡಿದ ಖಾತೆಗೆ ಯಜಮಾನಿಕೆ ಇರುತ್ತದೆ, ಏನು ಬೇಕಾದರೂ ಬದಲಿಸಬಹುದು, ಅಳಿಸಬಹುದು. ಅದಕ್ಕೆ ಪಾಸ್‌ವರ್ಡ್ ಇರಲಿ. ತಾನಾಗಿ ತೆರೆಯುವುದು ಅಧಿಕಾರವಿಲ್ಲದ ಇನ್ನೊಂದು ಖಾತೆಯಾಗಿರಲಿ. ಇದನ್ನು ಹೊಂದಿಸಲು ‘ಲೈಟ್‌ಡಿಎಂ’ ಎಂಬುದರ ಫೈಲಿನಲ್ಲಿ ಒಂದು ಸಾಲು ತಿದ್ದಬೇಕು, ಸ್ವಲ್ಪ ಬಲ್ಲವರು ಜೊತೆಗಿದ್ದರೆ ಒಳ್ಳೆಯದು.

ಲೈಬ್ರರಿಗೆ ಇದಕ್ಕಿಂತ ಚೆನ್ನಾದ ಉಪಾಯ ಅದೇ ರಾಸ್ಪಿ-ಕಾನ್ಫಿಗ್ ಮೆನುವಿನಲ್ಲಿದೆ, ಹೆಸರು ‘ಓವರ್‌ಲೇ ಫೈಲ್ ಸಿಸ್ಟಮ್’. ಅದನ್ನು ಹಾಕಿಟ್ಟರೆ ಕಂಪ್ಯೂಟರ್ ಮೆಮೊರಿ ಕಾರ್ಡಿನ ಮೇಲೆ ಏನನ್ನೂ ಬರೆಯುವುದಿಲ್ಲ, ಎಲ್ಲ ತಾತ್ಕಾಲಿಕ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಆಫ್ ಆದರೆ ಎಲ್ಲ ಮಾಯ, ಮತ್ತೆ ಆನ್ ಮಾಡಿದರೆ ಮೊದಲ ದಿನದ ಹಾಗೆ. ಯಾರ ಆಧಾರೂ ಉಳಿಯುವುದಿಲ್ಲ. ಜೊತೆಗೆ ಇನ್ನೊಂದು ಲಾಭ: ಬರೆಯುತ್ತಿರುವಾಗ ಕರೆಂಟು ಹೋದರೆ ಮೆಮೊರಿ ಕಾರ್ಡು ಕೆಡುವುದುಂಟು. ಹಳ್ಳಿಯಲ್ಲಿ ಪೈ ಸಾಯುವುದು ಹೆಚ್ಚಾಗಿ ಹೀಗೆಯೇ. ಬರೆಯುವುದೇ ಇಲ್ಲವೆಂದರೆ ಆ ಭಯ ಬಹುಪಾಲು ಹೋಯಿತು.

ಆದರೆ ಶಾಲೆಗೆ ಇದನ್ನು ಹಾಕಬೇಡಿ, ಅಥವಾ ಹಾಕುವುದಾದರೆ ತರಗತಿಗೊಂದು ಪೆನ್‌ಡ್ರೈವ್ ಕೊಡಿ. ನಿನ್ನೆ ಬಿಡಿಸಿದ ಆನೆ ಇವತ್ತು ಇಲ್ಲ ಎಂದರೆ ಮೂರನೇ ಕ್ಲಾಸಿನ ಮಗು ಎರಡನೇ ಸಲ ಆ ಕಂಪ್ಯೂಟರ್ ಹತ್ತಿರ ಬರುವುದಿಲ್ಲ. ಇನ್ನು ಪಂಚಾಯಿತಿ ಆಫೀಸಿನೊಳಗಿನ, ಪಿಡಿಒ ಬಳಸುವ ಕಂಪ್ಯೂಟರಿಗೆ ಆಟೊಲಾಗಿನ್ ಖಂಡಿತ ಬೇಡ. ಅಲ್ಲಿರುವುದು ಊರಿನ ಲೆಕ್ಕ.

ಗುಂಡ್ಲುಪೇಟೆ ದಾಟಿ ಮುತ್ತಂಗದ ಕಾಡು ಕಳೆದರೆ ಕೇರಳ. ಅಲ್ಲಿ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಸುಮಾರು ಎರಡು ದಶಕದಿಂದ ಲಿನಕ್ಸ್‌ನಲ್ಲೇ ಓಡುತ್ತಿವೆ. ಸರ್ಕಾರದ್ದೇ ಸಂಸ್ಥೆ ಕೈಟ್, ಶಾಲೆಗೆಂದೇ ಹೊಂದಿಸಿದ ಲಿನಕ್ಸ್ ಕೊಡುತ್ತದೆ, ಮೇಷ್ಟ್ರುಗಳಿಗೆ ತರಬೇತಿಯನ್ನೂ ಅದೇ ಕೊಡುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕಂಪ್ಯೂಟರ್ ಪಠ್ಯಪುಸ್ತಕ ಕನ್ನಡದಲ್ಲೇ ಇದೆ. 2015ರ ಸುಮಾರಿಗೆ ‘ಲರ್ನ್ ಟು ಕೋಡ್’ ಎಂಬ ಯೋಜನೆಯಲ್ಲಿ ಆಯ್ದ ಶಾಲಾ ಮಕ್ಕಳಿಗೆ ರಾಸ್ಪ್‌ಬೆರಿ ಪೈ ಕಿಟ್ಟನ್ನೇ ಹಂಚಿದ್ದರು. ಅಲ್ಲಿ ಎಲ್ಲ ಸರಿ ಇದೆ ಎಂದು ನಾನು ಹೇಳುವುದಿಲ್ಲ. ಆದರೆ ಪರದೆಯ ಮೇಲೆ ಮೊದಲು ಏನು ಕಾಣಬೇಕು ಎಂಬುದನ್ನು ಅಲ್ಲಿ ಶಾಲೆಯ ವಿಷಯ ಬಲ್ಲವರು ಕೂತು ತೀರ್ಮಾನಿಸುತ್ತಾರೆ. ನಮ್ಮಲ್ಲಿ ಅದನ್ನು ತೀರ್ಮಾನಿಸುವುದು ಕಾರ್ಡು ಬರೆದ ಹುಡುಗ, ಅವನು ಆ ದಿನ ಎಷ್ಟು ಅವಸರದಲ್ಲಿದ್ದ ಎಂಬುದರ ಮೇಲೆ.

ನಮ್ಮ ರಾಜ್ಯಕ್ಕೂ ಈ ಪ್ರಶ್ನೆ ಬರುವ ಹೊತ್ತಾಗಿದೆ. 2025ರ ನವೆಂಬರ್‌ನಲ್ಲಿ ಬೆಂಗಳೂರಿನ ಟೆಕ್ ಮೇಳದಲ್ಲಿ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ‘ಕಿಯೊ’ ಎಂಬ ಸಣ್ಣ ಕಂಪ್ಯೂಟರ್ ತೋರಿಸಿತು. ಅದೂ ಲಿನಕ್ಸ್‌ನದೇ, ಬೆಲೆ ₹18,999 ಎಂದರು. ಶಾಲೆಯ ಮಕ್ಕಳಿಗೂ ಸಣ್ಣ ವ್ಯಾಪಾರದವರಿಗೂ ಎಂದರು. ಸಂತೋಷ. ಅಂಥದೊಂದು ನಮ್ಮ ಹೋಬಳಿಯ ಶಾಲೆಗೆ ಬರುವುದಾದರೆ ಯಾವ ಪ್ರೊಸೆಸರ್, ಎಷ್ಟು ವೇಗ ಎಂದು ನಾನು ಕೇಳುವುದಿಲ್ಲ. ಕರೆಂಟು ಹೋಗಿ ಬಂದ ಮೇಲೆ ಏನು ಕಾಣುತ್ತದೆ, ಯಾವ ಭಾಷೆಯಲ್ಲಿ ಕಾಣುತ್ತದೆ, ಅದನ್ನು ತೋರಿಸಿ ಎನ್ನುತ್ತೇನೆ.

ಎಸ್‌ಡಿಎಂಸಿಯಲ್ಲಿರುವವರಿಗೆ, ಪಂಚಾಯಿತಿ ಮೆಂಬರ್‌ಗಳಿಗೆ, ಲೈಬ್ರರಿ ನೋಡಿಕೊಳ್ಳುವವರಿಗೆ ನನ್ನ ಕೋರಿಕೆ ಇಷ್ಟೇ. ಪೈ ಇರಲಿ, ಕಿಯೊ ಇರಲಿ, ಯಾವುದೇ ಕಂಪ್ಯೂಟರ್ ಬಂದಾಗ ಸಹಿ ಹಾಕುವ ಮೊದಲು ಕೊಟ್ಟವರ ಎದುರೇ ಮೆನುವಿನಿಂದ ಆಫ್ ಮಾಡಿಸಿ, ಗೋಡೆಯ ಸ್ವಿಚ್ಚನ್ನೂ ಆರಿಸಿ. ಐದು ನಿಮಿಷ ಕಾಫಿ ಕುಡಿಯಿರಿ. ಆಮೇಲೆ ಆರನೇ ಕ್ಲಾಸಿನ ಒಂದು ಮಗುವನ್ನು ಕರೆದು ಸ್ವಿಚ್ ಹಾಕಲು ಹೇಳಿ, ನೀವೂ ಕೊಟ್ಟವರೂ ಸುಮ್ಮನೆ ನಿಂತು ನೋಡಿ. ಯಾರನ್ನೂ ಕೇಳದೆ ಆ ಮಗು ತನ್ನ ಹೆಸರನ್ನು ಕನ್ನಡದಲ್ಲಿ ಬರೆದು ಉಳಿಸಿತು ಎಂದರೆ ಸಹಿ ಹಾಕಿ. ಆಗಲಿಲ್ಲ ಎಂದರೆ ಅವರನ್ನು ಇನ್ನೊಂದು ಗಂಟೆ ಕೂರಿಸಿಕೊಳ್ಳಿ, ಊಟ ಹಾಕಿಯಾದರೂ ಸರಿ. ಯಜಮಾನ ಖಾತೆಯ ಹೆಸರು, ಪಾಸ್‌ವರ್ಡ್ ಎರಡನ್ನೂ ಒಂದು ಚೀಟಿಯಲ್ಲಿ ಬರೆಸಿ, ಲಕೋಟೆಗೆ ಹಾಕಿ ಅಂಟಿಸಿ, ಬೀರುವಿನಲ್ಲಿ ಸ್ಟಾಕ್ ರಿಜಿಸ್ಟರಿನ ಜೊತೆ ಇಡಿ. ಹೆಡ್‌ಮೇಷ್ಟ್ರು ವರ್ಗವಾದಾಗ ಚಾರ್ಜ್ ಕೊಡುವ ಪಟ್ಟಿಯಲ್ಲಿ ಬೀಗದ ಕೈಗಳ ಕೆಳಗೆ ಆ ಲಕೋಟೆಯನ್ನೂ ಸೇರಿಸಿ.